ಮಗ್ಗದ ಕುಣಿಯಲ್ಲಿ ಬೂಟುಗಾಲು

ಹೊಂಬಳದಿಂದ ಗದಗಿನ ಪಕ್ಕದ ಬೆಟಗೇರಿಗೆ ಸೊಸೆಯಾಗಿ ಬಂದ ದೇವವ್ವನನ್ನು ಅಲ್ಲಿಯ ಮೊದಲ ಅಮಾವಾಸ್ಯೆ ಹೆದರಿಸಿಬಿಟ್ಟಿತ್ತು. ಅಂಗಳದ ಕಸ ಹೊಡೆಯುತ್ತಿದ್ದವಳು ಕಸಬರಿಗೆ ಹಿಡಿದುಕೊಂಡೇ ನಿಂತಳು. ಉಳಿದ ದಿನ ಕೋಳಿ ಕೂಗುವ ಮೊದಲೇ ಮನೆಮನೆಯಿಂದ ಏಳುತ್ತಿದ್ದ ಲಾಳಿಗಳ ಟಕಟಕ ಅಂದು ಇರಲಿಲ್ಲ. ಓಣಿಗೆ ಓಣಿಯೇ ಉಸಿರು ಹಿಡಿದುಕೊಂಡಂತಿತ್ತು.

“ಅತ್ತೀ, ಓಣ್ಯಾಗ ಯಾರರ ತೀರಿಕೊಂಡಾರೇನ್ರಿ?” ಎಂದು ಒಳಗೆ ಬಂದು ಪಿಸುಗುಟ್ಟಿದಳು.

ಅತ್ತೆ ಹನಮಂತವ್ವ ಒಲೆಯ ಮುಂದೆ ಕೂತಲ್ಲಿಂದಲೇ ನಕ್ಕಳು. “ಯಾರೂ ಸತ್ತಿಲ್ಲ ತಗೀ. ಇವತ್ತ ಅಮಾಸಿ. ಅಮಾಸಿಗೆ ನಾವು ಮಗ್ಗ ಮುಟ್ಟಂಗಿಲ್ಲ. ಗಂಡಸ್ರೆಲ್ಲಾ ಬಯಲಿಗೆ ಚೆಂಡು ಒದ್ಯಾಕ ಹೋಗ್ಯಾರ. ನಿನ್ನ ಗಂಡ ಎಲ್ಲಾರಕಿಂತ ಮುಂದ.”

ಹೊಲದ ಮನೆಯಲ್ಲಿ ಹುಟ್ಟಿ ಬೆಳೆದ ದೇವವ್ವನಿಗೆ ಮಗ್ಗವೂ ಹೊಸದು, ಚೆಂಡೂ ಹೊಸದು. ಗಂಡ ತಿರಕಪ್ಪ ಎರಡರಲ್ಲೂ ಮುಳುಗಿದ ಮನುಷ್ಯ. ಮಗ್ಗದ ಮನೆಯಲ್ಲೇ ಹುಟ್ಟಿದವನು. ಶಾಲೆಯಲ್ಲಿ ಕೂತದ್ದು ಕಡಿಮೆ, ಅಪ್ಪನ ತೊಡೆಯ ಮೇಲೆ ಕೂತು, ಮಗ್ಗದ ಕೆಳಗೆ ತೋಡಿದ ತಗ್ಗಿಗೆ, ಕುಣಿಯೊಳಗೆ, ಕಾಲು ಇಳಿಬಿಟ್ಟದ್ದೇ ಹೆಚ್ಚು. ಆ ಕುಣಿಯಲ್ಲಿ ಎರಡು ತುಳಿಹಲಗೆಗಳಿರುತ್ತವೆ. ಒಂದನ್ನು ತುಳಿದರೆ ಉದ್ದಕ್ಕೆ ಕಟ್ಟಿದ ಹಾಸಿನ ಅರ್ಧ ನೂಲು ಮೇಲೇಳುತ್ತದೆ, ಇನ್ನೊಂದನ್ನು ತುಳಿದರೆ ಉಳಿದರ್ಧ. ಅವುಗಳ ನಡುವೆ ಲಾಳಿ ಓಡುತ್ತದೆ. ಹಲಗೆ ತುಳಿಯುವ ಕಾಲು ಕಣ್ಣಿಗೆ ಕಾಣುವುದಿಲ್ಲ. ಬರಿಯ ಅಂಗಾಲಿಗೇ ಎಲ್ಲ ಗೊತ್ತಾಗಬೇಕು. ಅಪ್ಪ ತೀರಿಕೊಂಡ ಮೇಲೆ ಅವನ ಮಗ್ಗ ಒಳಕೋಣೆಯಲ್ಲಿ ಹಾಗೇ ಉಳಿಯಿತು. ಮಗ ನಡುಮನೆಯ ಮಗ್ಗದಲ್ಲಿ ಕೂತ.

ಆ ಅಂಗಾಲನ್ನೇ ಅವನು ಬಯಲಿಗೆ ಒಯ್ದಿದ್ದ. ಗೋಲು ಹೊಡೆಯುವುದು ಅವನ ಕೆಲಸವಾಗಿರಲಿಲ್ಲ. ನಡುವೆ ನಿಂತು, ಓಡುವವರ ಕಾಲಿಗೆ ಚೆಂಡು ಮುಟ್ಟಿಸುವುದು ಅವನ ಕೆಲಸ. ತಲೆ ಎತ್ತಿ ನೋಡುತ್ತಿದ್ದುದೂ ಕಡಿಮೆ. “ಲಾಳಿ ಒಗಿಯೋ ಕೈ ಎಲ್ಲೆರ ಹಿಡಿಯೋ ಕೈನ ನೋಡ್ತೈತೇನು?” ಎನ್ನುತ್ತಿದ್ದ. ಗೋಲು ಹೊಡೆದವನನ್ನು ಮಂದಿ ಹೆಗಲ ಮೇಲೆ ಹೊತ್ತು ಕುಣಿಯುವಾಗ ಇವನು ಬದಿಗೆ ನಿಂತು ಪಂಚೆಯಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಬಯಲಿಗೆ ಇಳಿಯುವ ಮೊದಲು ಎಲ್ಲರೂ ಚಪ್ಪಲಿಗಳನ್ನು ಅಂಚಿನಲ್ಲಿ ಸಾಲಾಗಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಮಗ್ಗಕ್ಕೆ ಮಾಡುವುದೂ ಅದನ್ನೇ. ತೊಗಲಿನ ಮೆಟ್ಟು ಹಾಕಿಕೊಂಡು ಮಗ್ಗದ ಹತ್ತಿರ ಸುಳಿದರೆ ಹನಮಂತವ್ವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಚೆಂಡೂ ತೊಗಲಿನದೇ ಅಲ್ಲವೇ ಎಂದು ದೇವವ್ವ ಒಮ್ಮೆ ಕೇಳಿದ್ದಳು. ಅತ್ತೆ, “ಅದನ್ನ ಒದೀತಾರಲ್ಲ, ಅದಕ್ಕ ಅದರ ಜಾಗಾ ಗೊತ್ತೈತಿ,” ಎಂದಳು.

ತಿರಕಪ್ಪನಿಗೆ ಹತ್ತಿ ಬಿಡಿಸುವ ಗಿರಣಿಯಲ್ಲಿ, ಅಂದರೆ ಜಿನ್ನಿನಲ್ಲಿ, ಕೆಲಸ ಸಿಕ್ಕ ಕಥೆಯನ್ನು ದೇವವ್ವ ಬೇರೆಬೇರೆ ಬಾಯಿಯಿಂದ ಕೇಳಿದ್ದಳು. ಸ್ವಾತಂತ್ರ್ಯ ಬಂದ ಮರುದಿನ ಅಮಾವಾಸ್ಯೆ. ಊರೆಲ್ಲ ಬಾವುಟ, ಮಗ್ಗಗಳು ನಿಂತಿದ್ದವು, ಲಕ್ಷ್ಮೇಶ್ವರದವರು ಎತ್ತಿನ ಗಾಡಿ ಕಟ್ಟಿಕೊಂಡು ಆಡಲು ಬಂದಿದ್ದರು. ಲಕ್ಷ್ಮೇಶ್ವರ ಆಗಿನ್ನೂ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು. “ನೀವು ನಿನ್ನೆ ಸ್ವತಂತ್ರ ಆದ್ರಿ. ನಮಗಿನ್ನೂ ರಾಜಾ ಅದಾನ. ಸೋತ್ರ ಅವಂಗ ಏನ್ ಹೇಳೂಣು?” ಎಂದು ಅವರು ನಗೆಯಾಡಿದರಂತೆ. ಅವರು ಸೋತರು. ಅಂದು ತಿರಕಪ್ಪ ಕೊಟ್ಟ ಚೆಂಡುಗಳನ್ನು ಗದಗಿನ ಒಂದು ಹತ್ತಿ ಜಿನ್ನಿನ ಮಾಲಕರು ಕುರ್ಚಿ ಹಾಕಿಸಿಕೊಂಡು ನೋಡಿದ್ದರು. ಅವರಿಗೆ ತಮ್ಮ ಹೆಸರಿನ ತಂಡ ಕಟ್ಟುವ ಹುಕಿ. ಹತ್ತಿಯ ಕಾಲದಲ್ಲಿ ಜಿನ್ನಿನಲ್ಲಿ ದುಡಿಯುವುದು, ಮಳೆಗಾಲದಲ್ಲಿ ಅವರ ತಂಡದ ಬನಿಯನ್ ತೊಟ್ಟು ಆಡುವುದು, ಕರಾರು ಅಷ್ಟೇ. ಮಗ್ಗ ಬಿಟ್ಟು ಬೇರೆ ಕೂಲಿ ಕಂಡಿರದ ಆ ಮನೆಗೆ ಚೆಂಡು ಹೀಗೆ ಅನ್ನ ತಂದಿತು.

ಆಮೇಲಿನ ಕೆಲವು ಮಳೆಗಾಲಗಳನ್ನು ನೆನೆದರೆ ಮುಂದೆಯೂ ದೇವವ್ವನಿಗೆ ಎದೆ ಬೆಚ್ಚಗಾಗುತ್ತಿತ್ತು. ಶಿರಹಟ್ಟಿಯಲ್ಲಿ ಗೆದ್ದು ಬಂದ ದಿನ ಗೋಲು ಕಾಯುವ ಕರೀಮಸಾಬ ಬಾಗಿಲಲ್ಲೇ ನಿಂತು, “ತಂಗೀ, ನಿನ್ನ ಗಂಡನ ಕಾಲಿಗೆ ದೃಷ್ಟಿ ತಗೀವಾ!” ಎಂದು ಕೂಗಿದ್ದ. ಕರೀಮಸಾಬ ತಂಡದ ಮುಖಂಡ, ಜಿನ್ನಿನ ಫಿಟ್ಟರ್, ಆರಡಿ ಆಳು. ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಳ್ಳದೆ ಒಂದು ಸಲವೂ ಒಳಗೆ ಬಂದವನಲ್ಲ. ದೇವವ್ವ ಖರೆಯೇ ಎಂದು ತಿಳಿದು ಒಂದು ಹಿಡಿ ಉಪ್ಪು ತಂದು ಗಂಡನ ಪಾದಕ್ಕೆ ನಿವಾಳಿಸಿದ್ದಳು. ಇಡೀ ತಂಡ ಬಿದ್ದುಬಿದ್ದು ನಕ್ಕಿತ್ತು. ತಿರಕಪ್ಪ ಮಾತ್ರ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮಗಳು ತಿಪ್ಪವ್ವ ಹುಟ್ಟಿದ ವರ್ಷವೇ ಬೂಟು ಬಂದವು.

ದೊಡ್ಡ ಪಂದ್ಯಗಳಲ್ಲಿ ಇನ್ನು ಬರಿಗಾಲಿನವರಿಗೆ ಜಾಗವಿಲ್ಲ ಎಂಬ ಸುದ್ದಿ ಹುಬ್ಬಳ್ಳಿ ಕಡೆಯಿಂದ ಬಂದಿತು. ಮಾಲಕರು ಎಲ್ಲರಿಗೂ ಬೂಟು ತರಿಸಿದರು. ಕರಿ ತೊಗಲು, ಜಾರದಂತೆ ತಳದಲ್ಲಿ ಗುಂಡಿಗಳಂಥ ಗುಬಟು. ಹುಡುಗರು ಎರಡು ವಾರ ಎಡವಿ, ಬಿದ್ದು, ಕಲಿತುಬಿಟ್ಟರು. ತಿರಕಪ್ಪ ಕಲಿಯಲಿಲ್ಲ. ಗೋಲು ಹೊಡೆಯುವವನಿಗೆ ಬೂಟು ಬಲ ಕೊಡುತ್ತದೆ. ಇವನ ಆಟ ಬಲದ್ದಲ್ಲ, ಅಂಗಾಲಿನ ತಿಳಿವಳಿಕೆಯದು. ಆ ಮಳೆಗಾಲದುದ್ದಕ್ಕೂ ಅವನು ಬಿಟ್ಟ ಚೆಂಡು ಒಂದೋ ತಡವಾಗಿ ಹೋಯಿತು, ಇಲ್ಲವೇ ಎದುರಿನವರ ಕಾಲಿಗೇ ಹೋಯಿತು. ಮುಂಡರಗಿಯ ಪಂದ್ಯದಲ್ಲಿ, ಎತ್ತಿನ ಹಾಗೆ ಭಾರವಾಗಿ ಹೆಜ್ಜೆಯಿಡುತ್ತಿದ್ದವನನ್ನು ನೋಡಿ, ಬೇಲಿಯಾಚೆಯಿಂದ ಒಬ್ಬ, “ಏ ತಿರಕಪ್ಪಾ, ಎತ್ತು ಹೂಡಾಂವ ಎಲ್ಲಿ ಹ್ವಾದನೋ?” ಎಂದು ಕೂಗಿದ. ಬಯಲೆಲ್ಲ ನಕ್ಕಿತು. ಮನೆಗೆ ಬಂದ ತಿರಕಪ್ಪ ಬೂಟನ್ನು ಹಿತ್ತಲಲ್ಲಿ ದನ ಕಟ್ಟುವ ಕಡೆ ಗೂಟಕ್ಕೆ ತೂಗುಹಾಕಿದ. ಮನೆಯೊಳಗೆ ತರುವಂತಿರಲಿಲ್ಲವಲ್ಲ.

ದೀಪಾವಳಿ ಮುಗಿದು ಹತ್ತಿಯ ಗಾಡಿಗಳು ಬರತೊಡಗಿದರೆ ಚೆಂಡಾಟ ನಿಲ್ಲುತ್ತಿತ್ತು. ಆದರೆ ಚೆಂಡಾಟದ ಮಾತು ನಿಲ್ಲುತ್ತಿರಲಿಲ್ಲ. ಜಿನ್ನಿನ ಬಾಗಿಲೆದುರಿನ ಚಹಾದಂಗಡಿಯಲ್ಲಿ ಆಡುವ ಕಾಲಕ್ಕಿಂತ ಆಡದ ಕಾಲದಲ್ಲೇ ಸುದ್ದಿ ಹೆಚ್ಚು ಓಡುತ್ತಿತ್ತು. ಆ ವರ್ಷ ಅಲ್ಲಿ ಎರಡೇ ವಾದ. ಕನ್ನಡ ನಾಡು ಒಂದಾಗುತ್ತದೋ ಇಲ್ಲವೋ ಎನ್ನುವುದು ಒಂದು. ತಿರಕಪ್ಪ ಉಳಿಯುತ್ತಾನೋ ಇಲ್ಲವೋ ಎನ್ನುವುದು ಇನ್ನೊಂದು. ಹುಬ್ಬಳ್ಳಿಯಿಂದ ಅಲ್ಲಾಉದ್ದೀನ ಎಂಬ ಹುಡುಗನನ್ನು ಮಾಲಕರು ಕರೆಸಿದ್ದಾರಂತೆ, ಬೂಟಿನಲ್ಲೇ ಹುಟ್ಟಿದವನಂತೆ, ಎಂದು ಒಬ್ಬರು. “ಹುಟ್ಟಿದ್ರ ಹುಟ್ಟವಲ್ಲನ್ಯಾಕ. ಹೆತ್ತಾಕಿಗೆ ಎಷ್ಟು ಬ್ಯಾನಿ ಆಗಿರಬೇಕು!” ಎಂದು ಕರೀಮಸಾಬ ಬಾಯಿ ಮುಚ್ಚಿಸಿದ.

ಸಂಕ್ರಾಂತಿ ಕಳೆದ ಮೇಲೆ ಜಿನ್ನಿನ ಮುನೀಮ ಲಕ್ಷ್ಮಪ್ಪ ಮನೆಗೇ ಬಂದ. ಕೆಟ್ಟವನಲ್ಲ. ಕೆಟ್ಟ ಸುದ್ದಿಯನ್ನು ಎಳ್ಳುಬೆಲ್ಲದ ಜೊತೆ ಹೇಳಬಹುದೆಂದು ನಂಬಿದವನು.

“ನೋಡ್ ತಿರಕಪ್ಪಾ, ಮಾಲಕರು ನಿನ್ನ ಮರ್ತಿಲ್ಲ. ಮುಂದಿನ ಮಳಿಗಾಲಕ್ಕ ನೀ ಆಡೂದು ಬ್ಯಾಡ. ಗೇಟಿನ್ಯಾಗ ಕುಂಡ್ರು, ಖುರ್ಚಿ ಕೊಡ್ತಾರ. ಆಟದ ದಿನ ಹುಡುಗರಿಗೆ ಲಿಂಬಿಹಣ್ಣು ಹೆಚ್ಚಿ ಕೊಡು, ಗೆರಿ ಮ್ಯಾಲೆ ನಿಂತು ನಿಶಾನಿ ಹಿಡಿ. ಇಲ್ಲಾ, ಲಕ್ಷ್ಮೇಶ್ವರದಾಗ ಇನ್ನೂ ಬರಿಗಾಲಲೇ ಆಡ್ತಾರ. ಅಲ್ಲಿ ಹೊಕ್ಕೀನಂದ್ರ ಹೋಗು. ಆದ್ರ ಅಲ್ಲಿ ಕೂಲಿ ಕೊಡಾವ್ರು ಯಾರೂ ಇಲ್ಲ.”

“ಮಗ್ಗ ಐತಲ್ಲ ಮನ್ಯಾಗ,” ಎಂದು ಹನಮಂತವ್ವ ಒಳಗಿನಿಂದ ಹೇಳಿದಳು. ಅವಳ ದನಿಯಲ್ಲಿ ದುಃಖಕ್ಕಿಂತ ಸಮಾಧಾನವೇ ಹೆಚ್ಚಾಗಿತ್ತು.

ಮುನೀಮ ಹೋದ ಮೇಲೆ ತಿರಕಪ್ಪ ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಹೋದ. ದೇವವ್ವ ಅರಿವೆ ಒಣಹಾಕುತ್ತಿದ್ದಳು.

“ಬಿಡಬೇಕಾದ್ರ ನಾನs ಬಿಡಬೇಕು ದೇವೀ,” ಎಂದ, ಕೂಸಿಗೆ ಹೇಳುತ್ತಿದ್ದಾನೋ ಎಂಬಂತೆ. “ಒಂದು ದಿನ ಸಾಕನಸ್ತೈತಿ, ಅವತ್ತ ನಾನs ಚಪ್ಪಲಿ ಮೆಟಗೊಂಡು ಹೊರಗ ಬರ್ತೀನಿ. ಲಿಂಬಿಹಣ್ಣಿನ ಬುಟ್ಟಿ ನಾನs ಕೇಳಿ ಇಸಗೋತೀನಿ. ಇವರು ಕೈಗೆ ಕೊಟ್ಟು ಹೊರಗ ನಿಂದ್ರು ಅನ್ನೂದಿಲ್ಲ? ಅದು ನನ್ನ ಕೈಲಿ ಆಗಂಗಿಲ್ಲ.”

ದೇವವ್ವ ಒದ್ದೆ ಸೀರೆಯನ್ನು ಕೊಡವಿ ತಂತಿಯ ಮೇಲೆ ಹಾಕಿದಳು. ಸಮಾಧಾನದ ಮಾತು ಅವಳಿಗೆ ಬರುತ್ತಿರಲಿಲ್ಲ. ಏನು ಮಾಡಬಹುದು ಎಂಬುದೇ ಅವಳ ತಲೆಯೊಳಗೆ ಮೊದಲು ಬರುತ್ತಿತ್ತು.

ಈ ಸಲ ಉಪಾಯ ಹೊಳೆದದ್ದು ಕೂಸಿನಿಂದ. ಆ ವಾರ ತವರಿನವರು ತಿಪ್ಪವ್ವನ ಕಾಲಿಗೆ ಗೆಜ್ಜೆ ತಂದು ಹಾಕಿದ್ದರು. ಅಂಬೆಗಾಲಿಡುತ್ತಿದ್ದ ಕೂಸು ಗೆಜ್ಜೆ ಹಾಕಿದ್ದೇ ತಡ ಕೂತಲ್ಲೇ ಕೂತುಬಿಟ್ಟಿತು. ತನ್ನ ಕಾಲನ್ನು ತಾನೇ ನೋಡುವುದು, ಅಲುಗಿಸಿ ಬೆಚ್ಚುವುದು. ತೆವಳುವುದನ್ನೇ ಮರೆತಂತೆ. ದೇವವ್ವ ಗೆಜ್ಜೆ ಬಿಚ್ಚಲಿಲ್ಲ. ಕೂಸಿನ ಮುಂದೆ ಒಂದು ತುಣುಕು ಬೆಲ್ಲ ದೂರಕ್ಕಿಟ್ಟಳು. ಕೂಸು ಬೆಲ್ಲ ನೋಡಿತು, ಗೆಜ್ಜೆ ಮರೆಯಿತು, ಝಲ್ ಝಲ್ ಎಂದು ತೆವಳಿ ಬಂದಿತು. ಆಮೇಲೆ ಗೆಜ್ಜೆಯ ಕಡೆ ತಿರುಗಿ ನೋಡಲಿಲ್ಲ.

ಹಾಗಾದರೆ ಗಂಡನ ಕಾಲೂ ಬೂಟನ್ನು ಮರೆಯಬೇಕು, ಎಂದುಕೊಂಡಳು ದೇವವ್ವ. ಬಯಲಿನಲ್ಲಿ ಮರೆಯುವುದಿಲ್ಲ, ಅಲ್ಲಿ ನಗುವವರಿದ್ದಾರೆ. ಕಾಲಿಗೆ ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿರುವ ಕೆಲಸ ಎಲ್ಲಿದೆಯೋ ಅಲ್ಲಿ ಬೂಟು ಹಾಕಬೇಕು. ಆ ಜಾಗ ಮನೆಯಲ್ಲೇ ಇತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಜೋಳ ಹಸನು ಮಾಡುತ್ತಾ ಅತ್ತೆಯ ಪಕ್ಕ ಕೂತಳು.

“ಅತ್ತೀ, ಒಳಕೋಣ್ಯಾಗ ಮಾವನವರ ಮಗ್ಗ ಐತಲ್ಲ, ಅದಕ್ಕ ದಿನಾ ಯಾಕ ನಮಸ್ಕಾರ ಮಾಡಂಗಿಲ್ರಿ?”

“ಅದರ ಮ್ಯಾಲೆ ಹಾಸು ಎಲ್ಲೈತಿ? ನೂಲಿದ್ರ ಮಗ್ಗ. ನೂಲಿಲ್ಲಂದ್ರ ಬರೇ ಕಟ್ಟಿಗಿ.”

“ಬರೇ ಕಟ್ಟಿಗೀನಾ?”

“ಬರೇ ಕಟ್ಟಿಗಿ. ಹೊಲದ ಮನಿಯಾಕಿ ನೀ, ನಿನಗೆಲ್ಲಾ ಬಿಡಿಸಿ ಹೇಳಬೇಕು.”

“ಹಂಗಾರ ಕಟ್ಟಿಗಿ ಮ್ಯಾಲೆ ಬೂಟುಗಾಲು ಇಟ್ರ ಏನಾಗೂದಿಲ್ಲಲ್ರಿ?”

ಹನಮಂತವ್ವನ ಕೈ ಮೊರದ ಮೇಲೇ ನಿಂತಿತು. ಸೊಸೆ ಏನು ಕೇಳುತ್ತಿದ್ದಾಳೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಮುಖ ಕೆಂಪಾಯಿತು. “ಏನಂದೀ? ನನ್ನ ಗಂಡ ಕುಂತು ನೇಯ್ದ ಕುಣ್ಯಾಗ ತೊಗಲು ಇಳಸ್ತೀಯೇನ? ಓಣ್ಯಾಗಿನ ಹಿರ್ಯಾರಿಗೆ ಗೊತ್ತಾದ್ರ ನಮ್ಮನಿ ನೀರು ಕುಡೀತಾರೇನ?” ಎಂದು ಜೋಳ ಬಿಟ್ಟು ಎದ್ದುಹೋದಳು. ಎರಡು ದಿನ ಸೊಸೆಯೊಡನೆ ಮಾತಿಲ್ಲ. ಊಟಕ್ಕೂ ಕೂಸಿನ ಮೂಲಕವೇ ಕರೆ: “ತಿಪ್ಪೀ, ನಿಮ್ಮವ್ವಗ ರೊಟ್ಟಿ ಆರ್ತಾವಂತ ಹೇಳು.”

ಮೂರನೆಯ ದಿನ ತಿರಕಪ್ಪ ಜಿನ್ನಿನಿಂದ ಬಂದು, ಉಣ್ಣದೆ, ಹಿತ್ತಲ ಕಟ್ಟೆಯ ಮೇಲೆ ಕೂತ. ಗೂಟಕ್ಕೆ ತೂಗಿದ್ದ ಬೂಟನ್ನು ನೋಡುತ್ತಾ ಬಹಳ ಹೊತ್ತು ಕೂತ. ಹನಮಂತವ್ವ ಅದನ್ನು ಬಾಗಿಲ ಸಂದಿಯಿಂದ ನೋಡಿದಳು. ಆಮೇಲೆ ಅಡುಗೆಮನೆಗೆ ಬಂದು, ಸೊಸೆಯ ಮುಖ ನೋಡದೆ ಹೇಳಿದಳು: “ಬೂಟು ಮೊದಲ ತೊಳಿ. ಬಾಗಲಾ ಹಾಕ್ಕೋರಿ. ಮತ್ತ ನನ್ನ ಮುಂದ ಆ ಮಾತು ಆಡಬ್ಯಾಡ್ರಿ. ನನಗೇನೂ ಗೊತ್ತಿಲ್ಲ.”

ಹೀಗೆ ಆ ಬೇಸಿಗೆಯ ಸಂಜೆಗಳು ಶುರುವಾದವು. ಜಿನ್ನಿನಿಂದ ಬಂದು ತಿರಕಪ್ಪ ಒಳಕೋಣೆಯ ಬಾಗಿಲು ಹಾಕಿಕೊಂಡು, ಬೂಟು ಕಟ್ಟಿ ಅಪ್ಪನ ಕುಣಿಯೊಳಗೆ ಇಳಿಯುತ್ತಿದ್ದ. ನೂಲಿಲ್ಲ, ಲಾಳಿಯಿಲ್ಲ, ಬರಿಯ ತುಳಿತ. ಮೊದಮೊದಲು ಹಲಗೆಗೆ ಗುಬಟು ಬಡಿದು ಧಡ್ ಧಡ್ ಎನ್ನುತ್ತಿತ್ತು. ಪಕ್ಕದ ಮನೆಯ ಗುರುಸಿದ್ದವ್ವ ಗೋಡೆಯಾಚೆಯಿಂದ ಕೇಳಿದಳು: “ದೇವವ್ವಾ, ಮನಿಯೊಳಗ ಎತ್ತು ಕಟ್ಟೀರೇನ?”

“ಇಲ್ರೀ, ಹಳೀ ಮಗ್ಗ ರಿಪೇರಿ ನಡದೈತಿ.”

“ಎತ್ತಿನ ಕೈಲಿ ಮಾಡಸ್ತೀರೇನು?”

ದೇವವ್ವ ಸೆರಗು ಬಾಯಿಗೊತ್ತಿಕೊಂಡು ಒಳಗೋಡಿದಳು.

ಕಲಿತನೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದಕ್ಕೂ ದೇವವ್ವನ ಬಳಿ ದಾರಿಯಿತ್ತು. ಕೂಸಿನ ತೊಟ್ಟಿಲನ್ನು ಒಳಕೋಣೆಯ ತೊಲೆಗೇ ಕಟ್ಟಿದಳು. ಮಗ್ಗದ ಮನೆಯ ಕೂಸು. ಬರಿಗಾಲಿನ ತುಳಿತದ ಸಪ್ಪಳಕ್ಕೆ ಅದು ಹೊಟ್ಟೆಯಲ್ಲಿದ್ದಾಗಲೇ ಹೊಂದಿಕೊಂಡಿತ್ತು, ಆ ಸಪ್ಪಳವಿದ್ದರೇ ನಿದ್ದೆ. ಬೂಟಿನ ಬಡಿತಕ್ಕೆ ಮಾತ್ರ ಕಿಟ್ಟನೆ ಕಿರುಚಿ ಏಳುತ್ತಿತ್ತು. “ಕೂಸು ಏಳಲಾರದಂಗ ತುಳೀರಿ, ಆಗ ನೀವು ಕಲತ್ರಿ ಅನ್ನೂಣು,” ಎಂದಳು.

“ಇದು ಯಾವ ರೆಫ್ರಿ ತಂದಿಟ್ಟೀಯಲೇ!” ಎಂದು ತಿರಕಪ್ಪ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ.

ಆ ರೆಫ್ರಿ ಕಡುನಿಷ್ಠುರ. ದಿನಕ್ಕೆರಡು ಸಲ, ಮೂರು ಸಲ ಎದ್ದು ಅಪ್ಪನನ್ನು ಬೈಯುತ್ತಿತ್ತು. ತಿರಕಪ್ಪ ಕುಣಿಯಿಂದ ಮೇಲೆ ಬಂದು ತೊಟ್ಟಿಲು ತೂಗಿ ಮತ್ತೆ ಇಳಿಯುತ್ತಿದ್ದ. ಬೂಟಿನ ಲಾಡಿ ಹರಿದಾಗ ದೇವವ್ವ ಹಾಸಿನ ತುದಿಯಲ್ಲಿ ಉಳಿದ ನೂಲನ್ನು ಹೆಣೆದು, ಮೇಣ ತಿಕ್ಕಿ, ಹೊಸ ಲಾಡಿ ಮಾಡಿಕೊಟ್ಟಳು. ಹೋಳಿ ಹೋಯಿತು, ಯುಗಾದಿ ಹೋಯಿತು. ಧಡ್ ಧಡ್ ಎನ್ನುವುದು ದಪ್ ದಪ್ ಆಯಿತು. ಒಂದು ಸಂಜೆ ದೇವವ್ವ ಹಿಟ್ಟು ನಾದುತ್ತಿದ್ದಾಗ ಒಳಗೆ ಏನೂ ಕೇಳಿಸಲಿಲ್ಲ. ತುಳಿಯುವುದನ್ನು ಬಿಟ್ಟನೇನೋ ಎಂದು ಹಿಟ್ಟಿನ ಕೈಯಲ್ಲೇ ಬಾಗಿಲು ಸರಿಸಿದಳು. ತಿರಕಪ್ಪ ಕುಣಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ಹಲಗೆಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ತೊಟ್ಟಿಲಲ್ಲಿ ಕೂಸು ಬಾಯಿ ತೆರೆದುಕೊಂಡು ಮಲಗಿತ್ತು. ಕತ್ತಲಾಗುವವರೆಗೂ ಅದು ಏಳಲಿಲ್ಲ.

ಈ ವಿಷಯ ಹೊರಗೆ ಯಾರಿಗೂ ತಿಳಿಯುವಂತಿರಲಿಲ್ಲ. ಕರೀಮಸಾಬನಿಗೂ ಹೇಳಲಿಲ್ಲ, ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಓಣಿಗೆ ತಿಳಿದರೆ ಹನಮಂತವ್ವನ ಮಾನ ಹೋಗುತ್ತದೆ. ಪಂದ್ಯದ ದಿನ ಬೂಟು ಕಟ್ಟಿಕೊಂಡೇ ಬಯಲಿಗೆ ಹೋಗುವುದು, ಒಂದೇ ಒಂದು ಸಲ ನೋಡಿರಿ ಎಂದು ಕೇಳುವುದು, ಎಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು.

ಕರೀಮಸಾಬನೂ ತನ್ನದೊಂದು ಗುಟ್ಟು ಇಟ್ಟುಕೊಂಡಿದ್ದ. ಅದು ಇವರಿಗೆ ಗೊತ್ತಿರಲಿಲ್ಲ.

ಆರಿದ್ರಾ ಮಳೆ ಹನಿದ ಒಂದು ರವಿವಾರ ಹುಬ್ಬಳ್ಳಿಯ ತಂಡ ಗದಗಿಗೆ ಬಂದಿತು. ದೇವವ್ವ ಕೂಸನ್ನು ಬಗಲಿಗೆ ಹಾಕಿಕೊಂಡು, ಸಂತೆಗೆ ಹೊರಟವಳ ಹಾಗೆ ಬುಟ್ಟಿ ಹಿಡಿದು, ಬಯಲಿನ ಬೇವಿನ ಮರದ ಕೆಳಗೆ ನಿಂತಳು. ಅಲ್ಲಿ ಕಂಡದ್ದನ್ನು ಅವಳು ಜೀವವಿರುವ ತನಕ ಮರೆಯಲಿಲ್ಲ.

ಬಯಲಿನ ಅಂಚಿನಲ್ಲಿ, ಹಿಂದೆ ಚಪ್ಪಲಿ ಬಿಡುತ್ತಿದ್ದ ಜಾಗದಲ್ಲಿ, ಜಿನ್ನಿನ ತಂಡದ ಬೂಟುಗಳೆಲ್ಲ ಸಾಲಾಗಿ ನಿಂತಿದ್ದವು. ತಂಡ ಬರಿಗಾಲಲ್ಲಿ ಒಳಗೆ ಹೋಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಿತ್ತು. ಹೊಸದಾಗಿ ಬಂದ ಅಲ್ಲಾಉದ್ದೀನನೂ ಕೂತಿದ್ದ, ಬೆಳ್ಳಗಿನ ಮೆತ್ತನೆ ಕಾಲು ಮುಂದೆ ಚಾಚಿಕೊಂಡು. ಮುನೀಮ ಲಕ್ಷ್ಮಪ್ಪ ಛತ್ರಿ ಹಿಡಿದು ಅವರ ಸುತ್ತ ಸುತ್ತುತ್ತಿದ್ದ.

“ಏಳ್ರಪೋ! ಬೂಟಿಲ್ಲಂದ್ರ ಆಟಿಲ್ಲ ಅಂತ ರೆಫ್ರಿ ಹೇಳಾಕತ್ಯಾರ. ಮಾಲಕರು ಖುರ್ಚಿ ಮ್ಯಾಲೆ ಕುಂತಾರ. ಮಾನ ತಗೀತೀರೇನು?”

“ತಿರಕಪ್ಪನ್ನ ಬರಿಗಾಲಲೇ ತಗೊಳ್ರಿ, ಬೂಟು ಕಟ್ಟಗೋತೀವಿ,” ಎಂದ ಕರೀಮಸಾಬ ಕೂತಲ್ಲಿಂದಲೇ. “ಬೂಟಿನಾಗ ಅಂವ ಆಡಲಾರ. ಹಂಗಾರ ನಾವೂ ಆಡಂಗಿಲ್ಲ. ಇಷ್ಟ ವರ್ಷ ನಮ್ಮ ಕಾಲಿಗೆ ಚೆಂಡು ಕೊಟ್ಟಾಂವ. ಅವಂಗ ಲಿಂಬಿಹಣ್ಣಿನ ಬುಟ್ಟಿ ಕೊಡ್ತೀರಿ?”

ಆ ಹೊತ್ತಿಗೆ ತಿರಕಪ್ಪ ಬಂದ. ಬೆಟಗೇರಿಯ ಕಡೆಯಿಂದ, ಮಂದಿಯ ನಡುವೆ ದಾರಿ ಮಾಡಿಕೊಂಡು, ಕಾಲಿಗೆ ಬೂಟು ಕಟ್ಟಿಕೊಂಡು. ನೂಲಿನ ಬಿಳಿ ಲಾಡಿ ದೂರಕ್ಕೂ ಕಾಣುತ್ತಿತ್ತು.

ತಂಡ ಅವನ ಕಾಲು ನೋಡಿತು. ಅವನು ತಂಡದ ಕಾಲು ನೋಡಿದ. ಕರೀಮಸಾಬ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. “ಯಾ ಅಲ್ಲಾ! ಲೇ, ನಿನ್ನ ಸಲುವಾಗಿ ನಾವು ಬೂಟು ಬಿಚ್ಚಿ ಮುಳ್ಳಿನ ಮ್ಯಾಲೆ ಕುಂತೀವಿ. ನೀ ಮದವಣಿಗನ ಗತಿ ಬೂಟು ಮೆಟಗೊಂಡು ಬಂದೀಯಲ್ಲೋ!”

ಬಯಲೆಲ್ಲ ನಗೆ. ಮುನೀಮನಿಗೂ ನಗು ತಡೆಯಲಾಗಲಿಲ್ಲ. ಆದರೆ ಅವನ ಕೆಲಸ ಅವನು ಬಿಡಲಿಲ್ಲ. “ಬೂಟು ಮೆಟ್ಟಿದ್ರ ಆತೇನು? ಹೋದ ವರ್ಷ ಮುಂಡರಗ್ಯಾಗ ನೋಡೀವಲ್ಲ. ಎಲ್ಲಿ, ಅಲ್ಲಾಉದ್ದೀನಗ ಒಂದು ಚೆಂಡು ಕೊಡು ನೋಡೂಣು.”

ಅಲ್ಲಾಉದ್ದೀನ ಎದ್ದು ಬಯಲಿನ ಆ ಬದಿಗೆ ಓಡಿದ. ತಿರಕಪ್ಪ ಚೆಂಡಿನ ಮುಂದೆ ನಿಂತ. ದೇವವ್ವನ ಬಗಲಲ್ಲಿ ಕೂಸು ನಿದ್ದೆ ಹೋಗಿತ್ತು. ಅವನು ತಲೆ ಎತ್ತಲಿಲ್ಲ. ಕುಣಿಯಲ್ಲಿ ಹಲಗೆ ತುಳಿದಷ್ಟೇ ಮೆಲ್ಲಗೆ ಕಾಲು ಹೋಯಿತು. ಚೆಂಡು ಹುಲ್ಲಿನ ಮೇಲೆ ಉರುಳುತ್ತ ಹೋಯಿತು. ಮೊದಲಿನ ಹಾಗೆ ನೇರ ಕಾಲಿಗೇ ಹೋಗಲಿಲ್ಲ, ಒಂದು ಮೊಳ ಆಚೆ. ಅಲ್ಲಾಉದ್ದೀನ ಕಾಲು ಚಾಚಿ, ಬಹುತೇಕ ಬಿದ್ದು, ಅದನ್ನು ಹಿಡಿದ. ಹಿಡಿದವನೇ ಮುನೀಮನ ಕಡೆ ತಿರುಗಿ ಕೂಗಿದ: “ಭಾರಿ ಐತ್ರೀ! ನಾ ಬದೀಗೆ ಆಡ್ತೀನಿ. ಇವ್ರು ನಡುವ ಇರ್ಲಿ. ನನಗ ಚೆಂಡು ಕೊಡಾವ್ರು ಒಬ್ರು ಬೇಕಲ್ರಿ!”

ಆ ಒಂದು ಮೊಳದ ವಿಷಯ ತಿರಕಪ್ಪನಿಗೂ ಅಲ್ಲಾಉದ್ದೀನನಿಗೂ ಗೊತ್ತಿತ್ತು, ಮರದ ಕೆಳಗಿನ ದೇವವ್ವನಿಗೂ ಕಂಡಿತ್ತು. ಅವರು ಯಾರೂ ಅದನ್ನು ಮುಂದೆಂದೂ ಎತ್ತಲಿಲ್ಲ.

ಬದಿಗೆ ಆಡಬೇಕಿದ್ದವನು ಹೇಮಪ್ಪ, ತಂಡದ ಎಲ್ಲರಿಗಿಂತ ಹಿರಿಯ. ಅವನು ಮೊಣಕಾಲು ಹಿಡಿದುಕೊಂಡು ಎದ್ದ. “ನನ್ನ ಮೊಣಕಾಲು ಹೋದ ವರ್ಷಾನs ರಜಾ ಕೇಳ್ಯಾವ. ಯಾರೂ ಕೊಡಲಿಲ್ಲ ನೋಡು. ಆ ಲಿಂಬಿಹಣ್ಣಿನ ಬುಟ್ಟಿ ಇತ್ಲಾಗ ತರ್ರಿ,” ಎಂದು ನೆರಳಿಗೆ ಹೋದ. ಮಾಲಕರು ಕುರ್ಚಿಯಿಂದ ಕೈ ಬೀಸಿದರು. ಉಳಿದವರು ಓಡಿಬಂದು ಬೂಟು ಕಟ್ಟಿಕೊಳ್ಳತೊಡಗಿದರು. ಅವಸರದಲ್ಲಿ ಒಬ್ಬರ ಬೂಟು ಇನ್ನೊಬ್ಬರ ಕಾಲಿಗೆ ಹೋಗಿ ಮತ್ತಷ್ಟು ಗದ್ದಲ.

ಅಂದು ಒಂದು ಗೋಲಿನಿಂದ ಸೋತರು. ಆದರೂ ತಿರಕಪ್ಪ ಮನೆಗೆ ಗೆದ್ದವನಂತೆ ಬಂದ.

ಆದರೆ ಗುಟ್ಟು ಉಳಿಯಲಿಲ್ಲ. ಎಲ್ಲಿ ಕಲಿತೆ ಎಂದು ಕರೀಮಸಾಬ ಕಾಡಿದ, ತಿರಕಪ್ಪ ಹೇಳಿದ, ಮರುದಿನ ಇಡೀ ಬೆಟಗೇರಿಗೆ ಗೊತ್ತಾಯಿತು. ಓಣಿಯ ಇಬ್ಬರು ಹಿರಿಯರು ಕಟ್ಟೆಗೆ ಬಂದು ಕೂತರು. “ಹನಮಂತವ್ವಾ, ಮಗ್ಗದ ಕುಣ್ಯಾಗ ತೊಗಲು ಇಳಿಸೀರಿ ಅಂತ ಕೇಳೀವಿ. ಖರೆ ಐತೇನು?”

ಹನಮಂತವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಹೊಸ್ತಿಲಲ್ಲಿ ನಿಂತಳು.

“ನೂಲಿಲ್ಲದ ಮಗ್ಗ ಬರೇ ಕಟ್ಟಿಗಿ. ಕಟ್ಟಿಗಿ ಮ್ಯಾಲೆ ನನ್ನ ಮಗ ಕಾಲಿಟ್ಟಾನ. ನಿಮ್ಮ ಗಾಡಿ ಹಲಗಿ ಕಟ್ಟಿಗೀದೋ ಬಂಗಾರದ್ದೋ? ಅದನ್ನ ಮೆಟ್ಟು ಹಾಕ್ಕೊಂಡು ಹತ್ತಂಗಿಲ್ಲೇನು? ಚಾ ಕುಡೀತೀರೋ, ಹಂಗs ಹೊಕ್ಕೀರೋ?”

ಅವರು ಚಹಾ ಕುಡಿದರು. ಸೊಸೆಯೊಡನೆ ಎರಡು ದಿನ ಮಾತು ಬಿಡಿಸಿದ್ದ ಪ್ರಶ್ನೆಗೆ ಅತ್ತೆ ಹೀಗೆ ಉತ್ತರ ಕೊಟ್ಟಳು. ಆ ವರ್ಷದ ಮಹಾನವಮಿಗೆ ಮನೆಯ ಹತಾರಗಳನ್ನೆಲ್ಲ ತೊಳೆದು ಪೂಜೆಗಿಟ್ಟಾಗ, ದೇವವ್ವ ಬೂಟನ್ನು ಹಿತ್ತಲಿನಲ್ಲೇ ಬಿಟ್ಟಿದ್ದಳು. ಹನಮಂತವ್ವ ಕುಂಕುಮದ ಬಟ್ಟಲು ಹಿಡಿದು ಮಗ್ಗಕ್ಕೆ ಹಚ್ಚಿದಳು, ಲಾಳಿಗೆ ಹಚ್ಚಿದಳು, ಆಮೇಲೆ ಸುಮ್ಮನೆ ಹಿತ್ತಲಿಗೆ ನಡೆದಳು. ಗೂಟದ ಮೇಲಿನ ಬೂಟಿನ ಲಾಡಿಗೆ ಮಾತ್ರ, ತೊಗಲಿಗೆ ಬೆರಳು ತಾಗದಂತೆ, ಒಂದು ಬೊಟ್ಟು ಇಟ್ಟಳು. “ಲಾಡಿ ನಮ್ಮ ಮಗ್ಗದ ನೂಲು,” ಎಂದಳು, ಯಾರೂ ಕೇಳದಿದ್ದರೂ.

ಮತ್ತೆ ಎರಡು ಮಳೆಗಾಲ ತಿರಕಪ್ಪ ಬೂಟುಗಾಲಲ್ಲಿ ಆಡಿದ. ಮೊದಲಿನ ತಿರಕಪ್ಪ ಆಗಲಿಲ್ಲ. ಆದರೆ ಅವನ ಚೆಂಡಿಗಾಗಿ ಓಡುವವರು ಕಾಯುತ್ತಿದ್ದರು. ಅಷ್ಟು ಸಾಕಾಗಿತ್ತು.

ನಾಡು ಒಂದಾದ ಮರುದಿನವೂ ಅಮಾವಾಸ್ಯೆಯೇ ಬಂದಿತು, ದೀಪಾವಳಿಯ ಅಮಾವಾಸ್ಯೆ. ಮಗ್ಗಗಳು ನಿಂತಿದ್ದವು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿಂದ ಹಳೆಯ ಆಟಗಾರರೆಲ್ಲ ಬಂದರು. ಈಗ ರಾಜನಿಗೆ ಏನು ಹೇಳುತ್ತೀರಿ ಎಂದು ಬೆಟಗೇರಿಯವರು ಲಕ್ಷ್ಮೇಶ್ವರದವರನ್ನು ಕಾಡಿದರು. ಇಂದು ಹಬ್ಬದ ಆಟ, ರೆಫ್ರಿಯ ಕಟ್ಟಳೆ ಇಲ್ಲ, ಬರಿಗಾಲಲ್ಲೇ ಆಡೋಣ ಎಂದು ಕರೀಮಸಾಬ ಸಾರಿದ. ಅಂಚಿನಲ್ಲಿ ಚಪ್ಪಲಿಗಳು, ಬೂಟುಗಳು ಸಾಲಾದವು. ದೇವವ್ವ ಈ ಸಲ ಬೇವಿನ ಮರದ ಕೆಳಗೆ ಕೂತಿದ್ದಳು. ತಿಪ್ಪವ್ವ ಪಕ್ಕದಲ್ಲಿ ಕುಣಿಯುತ್ತಿದ್ದಳು, ಮಡಿಲಲ್ಲಿ ಇನ್ನೊಂದು ಕೂಸು.

ತಿರಕಪ್ಪ ಬಿಳಿ ಲಾಡಿ ಬಿಚ್ಚಿ, ಮನೆಯಿಂದ ತಂದಿದ್ದ ಹಳೆಯ ಚಪ್ಪಲಿಯ ಪಕ್ಕ ಬೂಟು ಬಿಟ್ಟು, ನೆಲ ಮುಟ್ಟಿ ಒಳಗೆ ಹೋದ. ನಾಲ್ಕು ಹೆಜ್ಜೆ ಇಟ್ಟವನು ಕಾಲೆತ್ತಿಕೊಂಡು ಕುಂಟಿದ. ಅಂಗಾಲು ಮೆತ್ತಗಾಗಿತ್ತು. ಹುಲ್ಲಿನೊಳಗಿನ ಹರಳು ಚುಚ್ಚುತ್ತಿದ್ದವು. “ಏನಲೇ, ಮದವಣಗಿತ್ತಿ ಕಾಲಾದ್ವು!” ಎಂದು ಕರೀಮಸಾಬ ಅಣಕಿಸಿದ. ತಿರಕಪ್ಪ ನಕ್ಕ. ಕುಂಟುತ್ತಲೇ ಅರ್ಧ ಆಟ ಆಡಿದ. ವಿರಾಮಕ್ಕೆ ಸ್ವಲ್ಪ ಮೊದಲು ಒಂದು ಚೆಂಡು ಅವನ ಕಾಲಿಗೆ ಬಂದಿತು. ತಲೆ ಎತ್ತಲಿಲ್ಲ. ಅದು ಹುಲ್ಲಿನ ಮೇಲೆ ಹೋಗಿ, ಓಡುತ್ತಿದ್ದ ಅಲ್ಲಾಉದ್ದೀನನ ಕಾಲಿಗೇ ಮುಟ್ಟಿತು. ಒಂದು ಬೆರಳು ಆಚೆ ಇಲ್ಲ, ಒಂದು ಬೆರಳು ಈಚೆ ಇಲ್ಲ. ಅಲ್ಲಾಉದ್ದೀನ ಗೋಲು ಹೊಡೆದ. ಮಂದಿ ಅವನನ್ನು ಹೊತ್ತು ಕುಣಿದರು. ತಿರಕಪ್ಪ ಬದಿಗೆ ನಿಂತು ಮುಖ ಒರೆಸಿಕೊಂಡ.

ಆಮೇಲೆ ಮೆಲ್ಲಗೆ ಅಂಚಿಗೆ ಬಂದ. ಸಾಲಿನಲ್ಲಿ ತನ್ನ ಬೂಟು ಮುಟ್ಟಲಿಲ್ಲ, ಹಳೆಯ ಚಪ್ಪಲಿ ಮೆಟ್ಟಿಕೊಂಡ. ನೆರಳಲ್ಲಿ ಕೂತಿದ್ದ ಹೇಮಪ್ಪನ ಮುಂದೆ ಕೈ ಚಾಚಿದ.

“ಆ ಬುಟ್ಟಿ ಇಲ್ಲಿ ಕೊಡೋ ಹೇಮಣ್ಣಾ. ಹುಡುಗರಿಗೆ ಬಾಯಿ ಒಣಗ್ಯಾವ.”

ಹೇಮಪ್ಪ ಅವನ ಮುಖ ನೋಡಿದ. ಬುಟ್ಟಿಯನ್ನು ಅವನ ಕೈಗಿಟ್ಟ. ತಿರಕಪ್ಪ ಚಾಕು ತೆಗೆದು ಮೊದಲ ಲಿಂಬೆಹಣ್ಣು ಹೆಚ್ಚಿದ. ಮರದ ಕೆಳಗಿನ ದೇವವ್ವ ಅತ್ತ ನೋಡಿದಳು. ಅವನೂ ನೋಡಿ, ಒಂದು ಹೋಳು ಎತ್ತಿ ತೋರಿಸಿದ. ಬೇಕೇನು ಎಂಬಂತೆ. ಎದೆಹಾಲು ಕುಡಿಸುತ್ತಿದ್ದವಳಿಗೆ ಬಾಯಾರಿಕೆಯಾಗಿತ್ತು. ಹೂಂ ಎಂದು ತಲೆ ಅಲ್ಲಾಡಿಸಿದಳು.

ಮರುದಿನ ಪಾಡ್ಯಕ್ಕೆ ಮಗ್ಗಗಳು ಶುರುವಾದವು. ತಿರಕಪ್ಪ ಬರಿಗಾಲಲ್ಲಿ ನಡುಮನೆಯ ಕುಣಿಗೆ ಇಳಿದ. ದೇವವ್ವ ಬೂಟಿನಿಂದ ಬಿಳಿ ಲಾಡಿ ಬಿಚ್ಚಿ, ತೊಳೆದು, ಒಣಗಿಸಿ, ಅದರಿಂದ ಚಿಕ್ಕ ಕೂಸಿನ ತೊಟ್ಟಿಲಿಗೆ ಗಿಲಕಿ ಕಟ್ಟಿದಳು. ಗಟ್ಟಿ ನೂಲು, ಸುಮ್ಮನೆ ಹಾಳು ಮಾಡುವುದೇಕೆ.